ಪದಚರ್ಚೆ: ರೀಮೇಕ್, ರೀಮಾಸ್ಟರ್, ಪೋರ್ಟ್ – ಮೂರಕ್ಕೂ ‘ಮರುಬಿಡುಗಡೆ’ ಅಂದ್ರ ನಡೀತೈತೇನ್ರಿ?

ಎಲ್ಲಾರಿಗೂ ಶರಣ್ರಿ. ಒಂದು ಶಬ್ದದ ಸಲುವಾಗಿ ಹದಿನೈದು ದಿನದಿಂದ ತಲಿ ಕೆಡಿಸ್ಕೊಂಡು ಕುಂತೀನಿ, ನಿಮ್ಮೊಳಗ ಯಾರರ ಬಗೀಹರಸ್ತೀರಿ ಅಂತ ಬರ್ಯಾಕತ್ತೀನಿ.

ನಮ್ಮಕ್ಕನ ಮಗ ಹುಬ್ಬಳ್ಳಿಯೊಳಗ ಹಳೇ ವಿಡಿಯೋ ಗೇಮ್ ಬಗ್ಗೆ ಕನ್ನಡದಾಗ ಸಣ್ಣ ಸಣ್ಣ ವಿಡಿಯೋ ಮಾಡ್ತಾನ, ಕೆಳಗ ಬರೂ ಅಕ್ಷರ ತಿದ್ದಿ ಕೊಡೂ ಕೆಲಸ ನಂದು. ಈ ಸಲ ಅಂವ ಹಿಡಕೊಂಡಿದ್ದು ರೆಸಿಡೆಂಟ್ ಈವಿಲ್ ಅನ್ನೂ ಅಂಜಿಕಿ ಹುಟ್ಟಸೂ ಆಟ, ಅದು ಹಳೇ ಕನ್ಸೋಲಿನಿಂದ (ಟೀವಿಗೆ ಹಚ್ಚಿ ಆಡೂ ಮಶಿನ್) ಹೊಸ ಕನ್ಸೋಲಿಗೆ ಹೆಂಗ ಬಂತು ಅನ್ನೂ ಕತಿ. ಕ್ಯಾಪ್ಕಾಮ್ ಕಂಪನಿ ಇದನ್ನ 1996ರಾಗ ಮೊದಲನೇ ಪ್ಲೇಸ್ಟೇಶನ್ನಿಗೆ ತಂತು, ಜಪಾನಿನ್ಯಾಗ ಇದರ ಹೆಸರು ಬಯೋಹಜಾರ್ಡ್. 2002ರಾಗ ಅದ ಆಟಾನ ಗೇಮ್‌ಕ್ಯೂಬ್ ಅನ್ನೂ ಕನ್ಸೋಲಿನ ಸಲುವಾಗಿ ಪಾಯಾದಿಂದ ಕಟ್ಟಿದ್ರು, ಅದು ರೀಮೇಕ್. ಆ 2002ರದ್ದನ್ನ ಮತ್ತ ಚಿತ್ರ ಚೊಕ್ಕ ಮಾಡಿ, ಅಗಲ ಟೀವಿಗೆ ಹೊಂದಿಸಿ, 2015ರಾಗ ಪ್ಲೇಸ್ಟೇಶನ್ 4, ಎಕ್ಸ್‌ಬಾಕ್ಸ್ ಒನ್, ಕಂಪ್ಯೂಟರಿಗೆಲ್ಲಾ ಬಿಟ್ರು, ಅದು ರೀಮಾಸ್ಟರ್. ಅಂದ್ರ ರೀಮೇಕಿನ ರೀಮಾಸ್ಟರ್. ನಮ್ಮ ಹುಡುಗ ಎಲ್ಲಾದಕ್ಕೂ ‘ಮರುಬಿಡುಗಡೆ’ ಅಂತ ಒಂದ ಶಬ್ದ ಬರದಿದ್ದ. ತಪ್ಪಂತೂ ಅಲ್ಲ, ಆದ್ರ ಪೂರ್ತಿ ಓದಿದ ಮ್ಯಾಲೂ ಯಾವುದಕ್ಕ ಏನು ಮಾಡ್ಯಾರ ಅನ್ನೂದು ತಿಳೀಲೇ ಇಲ್ಲ.

ಪೇಪರಿನ್ಯಾಗ ಸಿನೆಮಾಕ್ಕ ‘ಮರುಬಿಡುಗಡೆ’ ಅಂತ ಬರೀತಾರಲ್ಲ, ಅಲ್ಲಿ ಓದೂ ಮಂದಿ ತಿಳಕೊಳ್ಳೂದು ಹಳೇ ಸಿನೆಮಾ ಇದ್ದಂಗ ಥೇಟರಿಗೆ ಮತ್ತ ಬಂತು ಅಂತ. ‘ಮರು’ ಅಂದ್ರ ಇನ್ನೊಮ್ಮೆ, ಅಷ್ಟ. ಹೆಂಗ ಅಂತ ಅದು ಹೇಳೂದುಲ್ಲ. ಪುಸ್ತಕದ ವಿಷಯಕ್ಕ ನಾವು ಈ ಫರಕ ಎಷ್ಟು ಚಂದ ಇಟ್ಕೊಂಡೀವಿ ನೋಡ್ರಿ: ಕಿಟೆಲ್ ಸಾಹೇಬರ 1894ರ ನಿಘಂಟು ಇದ್ದಂಗ ಅಚ್ಚಾದ್ರ ಮರುಮುದ್ರಣ, ಮರಿಯಪ್ಪ ಭಟ್ಟರು ತಿದ್ದಿ ಬೆಳಸಿ ಮದ್ರಾಸ್ ವಿಶ್ವವಿದ್ಯಾಲಯದಿಂದ ತಂದದ್ದು ಪರಿಷ್ಕೃತ ಆವೃತ್ತಿ. ಎರಡಕ್ಕೂ ಒಂದ ಹೆಸರು ಇಟ್ರ ನಮ್ಮೊಳಗ ಯಾರೂ ಒಪ್ಪೂದುಲ್ಲ. ಹಂಗಾರ ಆಟಕ್ಕ ಯಾಕ ಒಪ್ಪಬೇಕು?

ಫರಕ ತಿಳೀಬೇಕಂದ್ರ ಬಾಗಿಲಾ ನೋಡ್ರಿ. ಮೊದಲನೇ ಆಟದಾಗ ಒಂದು ಖೋಲಿಯಿಂದ ಇನ್ನೊಂದು ಖೋಲಿಗೆ ಹೋಗೂ ಮುಂದ ಪರದೆ ಪೂರ್ತಿ ಕಪ್ಪಾಗಿ, ನಡುವ ಬರೇ ಒಂದು ಬಾಗಿಲಾ ಕಂಡು, ಅದು ಕಿರ್ರ್ ಅಂತ ಸಾವಕಾಶ ತೆಗೀತಿತ್ತು. ಸಿಡಿಯಿಂದ ಮುಂದಿನ ಖೋಲಿ ಓದ್ಕೊಳ್ಳಾಕ ಮಶಿನ್ನಿಗೆ ಹೊತ್ತು ಬೇಕಿತ್ತು, ಆ ಹೊತ್ತು ತುಂಬಸಾಕ ಇಟ್ಟದ್ದು ಆ ಬಾಗಿಲಾ. ನಾವು ಸಾಲಿ ಬಿಟ್ಟ ಮ್ಯಾಲೆ ಗೇಮ್ ಪಾರ್ಲರಿನ್ಯಾಗ ತಾಸಿನ ಲೆಕ್ಕದ ಮ್ಯಾಲೆ ಆಡ್ತಿದ್ವಿ, ಬಾಗಿಲಾ ತೆಗಿಯೂ ಹೊತ್ತೂ ನಮ್ಮ ರೊಕ್ಕದಾಗ ಹೋಗ್ತಿತ್ತು, ಆದ್ರೂ ಒಬ್ಬರೂ ಲಗೂ ಆಗ್ಲಿ ಅಂತಿದ್ದಿಲ್ಲ, ನಾಕು ಮಂದಿ ಒಂದ ಬೆಂಚಿನ ಮ್ಯಾಲೆ ಉಸರು ಬಿಗಿ ಹಿಡಕೊಂಡು ಆಚೆ ಏನೈತೋ ಅಂತ ನೋಡ್ತಿದ್ವಿ. ಈಗ 2015ರ ರೀಮಾಸ್ಟರಿನ್ಯಾಗ ಮಶಿನ್ನಿಗೆ ಅಷ್ಟು ಹೊತ್ತು ಬ್ಯಾಡ, ಆದ್ರೂ ಬಾಗಿಲಾ ಹಂಗ ಉಳಿಸ್ಯಾರ. ಆದ್ರ ಎರಡನೇ ಭಾಗ, 1998ರದ್ದು, ಅದನ್ನ 2019ರಾಗ ರೀಮೇಕ್ ಮಾಡಿದ್ರಲ್ಲ, ಅದರಾಗ ಆ ಕಪ್ಪು ಪರದೆ ಬಾಗಿಲಾನ ಇಲ್ಲ, ಆಡೂ ಮನಶಾನ ಕೈ ಹಚ್ಚಿ ದೂಡಿ ಒಳಗ ಹೋಗ್ತಾನ, ಕ್ಯಾಮರಾ ಸೈತ ಬೆನ್ನಿಗೆ ಹತ್ತೇತಿ. ಒಂದು ಹಳೇದನ್ನ ಉಳಿಸಿದ್ದು, ಇನ್ನೊಂದು ಹಳೇದನ್ನ ಒಡದು ಹೊಸಾದು ಮಾಡಿದ್ದು.

ಇಲ್ಲಿ ನನಗ ನಮ್ಮವ್ವನ ಜೋಡಿ ಗದಗಿನ್ಯಾಗ ಪತ್ತಾರರ ಅಂಗಡಿಗೆ ಹೋಗಿದ್ದು ನೆನಪಾತು. ಆಯಿ ಕಾಲದ ಒಂದು ಜೋಡಿ ಪಾಟ್ಲಿ ಒಯ್ದಿದ್ವಿ. ಪತ್ತಾರರು ಬೆಳಕಿಗೆ ಹಿಡದು ನೋಡಿ ಒಂದ ಮಾತು ಕೇಳಿದ್ರು, “ಮೆರಗ ಹಾಕೂದೋ ಯವ್ವಾ, ಮುರದು ಮಾಡೂದೋ?” ಮುರೀಬ್ಯಾಡ್ರಿ, ನಮ್ಮವ್ವನ ಕೈಯಾಗಿಂದೈತಿ ಅಂದ್ಲು ಅವ್ವ. ಅವರು ಅಂಟವಾಳಕಾಯಿ ನೀರಾಗ ನೆನೀ ಇಟ್ಟು, ಸಣ್ಣ ಬ್ರಶ್ಶಿನಿಂದ ಹೂವಿನ ಎಸಳ ಎಸಳಿನ ನಡುವಿನ ಕೊಳಿ ತಗದು, ಆಮ್ಯಾಲೆ ಮೆರಗು ಕೊಟ್ರು. ಭಾಳ ತಿಕ್ಕಿದ್ರ ಚಿತ್ತಾರ ಸವೀತೈತಿ ಅಂತ ಒಂದು ಮಾತೂ ಹೇಳಿದ್ರು. ನೋಡ್ರಿ, ರೀಮಾಸ್ಟರ್ ರೀಮೇಕ್ ಅಂತ ನಾವು ಒದ್ದಾಡೂ ಫರಕ ಅವರ ಬಾಯಾಗ ದಿನಾ ಓಡಾಡೂ ಮಾತು.

ಆ ‘ಭಾಳ ತಿಕ್ಕಿದ್ರ ಸವೀತೈತಿ’ ಅನ್ನೂದಕ್ಕ ಆಟದಾಗೂ ಉದಾಹರಣೆ ಐತಿ. ಸೈಲೆಂಟ್ ಹಿಲ್ ಅನ್ನೂ ಇನ್ನೊಂದು ಅಂಜಿಕಿ ಆಟದ ಮೊದಲನೇ ಭಾಗ 1999ರಾಗ ಬಂದಾಗ ಊರು ತುಂಬ ಮಂಜು ಹಾಕಿದ್ದು ಹಳೇ ಪ್ಲೇಸ್ಟೇಶನ್ನಿಗೆ ದೂರದ್ದು ತೋರ್ಸೂ ತಾಕತ್ತು ಇದ್ದಿದ್ದಿಲ್ಲ ಅಂತ, ಆದ್ರ ಆ ಮಂಜ ಆಟದ ಜೀವ ಆತು. 2001ರ ಎರಡನೇ ಭಾಗಾನ 2012ರಾಗ ಎಚ್‌ಡಿ ಮಾಡಿ ತಂದಾಗ ಆ ಮಂಜು ಹಲವು ಕಡೆ ತೆಳ್ಳಗಾಗಿ, ಮುಚ್ಚಿಡಬೇಕಾದದ್ದೆಲ್ಲಾ ಬಯಲಿಗೆ ಬಿತ್ತು. ಕೊನೀ ಹಂತದ ಸೋರ್ಸ್ ಕೋಡ್, ಅಂದ್ರ ಆಟ ಬರದ ಮೂಲ ಪ್ರೋಗ್ರಾಮು, ಎಚ್‌ಡಿ ಮಾಡಿದವರ ಕೈಗೆ ಸಿಕ್ಕಿದ್ದಿಲ್ಲ. ಹಸ್ತಪ್ರತಿ ಕೆಲಸ ಮಾಡಿದವರಿಗೆ ಇದು ತಿಳೀತೈತಿ, ಮಾತೃಕೆ (ನೋಡಿ ಬರಕೊಳ್ಳೂ ಮೂಲ ಪ್ರತಿ) ಸರಿ ಇಲ್ಲಂದ್ರ ಸಂಪಾದನೆ ಎಷ್ಟು ಚೊಲೋ ಇದ್ರೂ ಪಾಠ ಕೆಡತೈತಿ. ಮಾಸ್ಟರ್ ಅನ್ನೂದಕ್ಕ ಮಾತೃಕೆ ಅಂದ್ರೂ ನಡದೀತು ಅಂತ ನನಗ ಅನಿಸ್ತೈತಿ, ಆದ್ರ ಮಗ್ಗಲ ಮನಿ ಹುಡುಗ್ರಿಗೆ ತಿಳೀಬೇಕಲ್ಲ.

ಹಂಗಾಗಿ ರೀಮಾಸ್ಟರಿಗೆ ನಾ ‘ಮೆರುಗಿಸಿದ ಆವೃತ್ತಿ’ ಅಂತ ಹಾಕೀನಿ. ತೊಡಕಿರೂದು ರೀಮೇಕಿಗೆ. ‘ಮುರಿದು ಮಾಡಿದ್ದು’ ಅಂದ್ರ ಅರ್ಥ ಪಕ್ಕಾ, ಆದ್ರ ನಾಮಪದ ಆಗೂದುಲ್ಲ. ‘ಮರು’ಗೆ ‘ಕಟ್ಟು’ ಸೇರಿಸಿದ್ರ ಸಂಧಿಯಾಗಿ ‘ಮರುಗಟ್ಟು’ ಆಗ್ತೈತಿ, ಓದೂ ಮುಂದ ಅದು ‘ಮರಗಟ್ಟು’ ಅಂತ ಕಣ್ಣಿಗೆ ಹೊಡೀತೈತಿ, ಕೈಕಾಲು ಮರಗಟ್ಟಿದ್ವು ಅಂತೀವಲ್ಲ ಅದು. ಅಂಜಿಕಿ ಹುಟ್ಟಸೂ ಆಟದ ಕೆಳಗ ಆ ಶಬ್ದ ಇಟ್ರ ಓದೂ ಮಂದಿ ತಪ್ಪು ತಿಳಕೊಳ್ಳೂದು ಖಾತ್ರಿ.

‘ಜೀರ್ಣೋದ್ಧಾರ’ ಅಂತ ಹೇಳಿದ ಗೆಳ್ಯಾ ಒಬ್ಬ ಇದ್ದಾನ. ಶಬ್ದ ಘನವಾದದ್ದ. ನಮ್ಮ ಕಡೀ ಶಾಸನಗಳಾಗ ಗುಡಿಗೆ ದತ್ತಿ ಬಿಡೂ ಮುಂದ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಅಂತ ಬರೀತಾರ, ಒಡದದ್ದು ಸೀಳಿದ್ದು ಸರಿ ಮಾಡೂದು ಅಂತ ಅರ್ಥ, ಅದು ರೀಮಾಸ್ಟರಿಗೆ ಹತ್ರ. ಆದ್ರ ಈಗ ಹಳೇ ಗುಡಿ ಪೂರ್ತಿ ಕೆಡವಿ ಸಿಮೆಂಟಿನ್ಯಾಗ ಹೊಸಾದು ಕಟ್ಟಿದ್ರೂ ಫಲಕದ ಮ್ಯಾಲೆ ಜೀರ್ಣೋದ್ಧಾರ ಅಂತನ ಇರ್ತೈತಿ. ನಮಗ ಬೇಕಾದ ಫರಕಾನ ಆ ಶಬ್ದ ಕಳಕೊಂಡೈತಿ, ಹಿಂಗಾಗಿ ಬಿಟ್ಟೆ.

ಪೋರ್ಟ್, ಅಂದ್ರ ಒಂದು ಮಶಿನ್ನಿನ ಆಟಾನ ಇನ್ನೊಂದು ಮಶಿನ್ನಿಗೆ ಹೊಂದಿಸಿ ತರೂದು, ಅದಕ್ಕ ಮಾತ್ರ ನನಗ ‘ಕಸಿ’ ಭಾಳ ಸೇರೇತಿ. ಧಾರವಾಡದ ಆಪೂಸಿನ ತ್ವಾಟದಾಗ ನೋಡ್ರಿ, ಬೇರು ಬ್ಯಾರೆ ಗಿಡದ್ದು, ಹಣ್ಣು ಅದ ಹಳೇ ಆಪೂಸ. ಆಟಾನೂ ಹಂಗ, ಮಶಿನ್ ಬ್ಯಾರೆ, ಆಟ ಅದ. ಕಿಡ್ನಿ ಕಸಿ ಅಂತ ಗಿಡದಿಂದ ಮೈಗೆ ಆಗಲೇ ಬಂದೈತಿ ಈ ಶಬ್ದ, ಅಲ್ಲಿಂದ ಮಶಿನ್ನಿಗೆ ಬಂದ್ರ ಏನೂ ಭಾರ ಆಗೂದುಲ್ಲ. ಫೇಟಲ್ ಫ್ರೇಮ್ ಸರಣಿಯ ಮೇಡನ್ ಆಫ್ ಬ್ಲ್ಯಾಕ್ ವಾಟರ್ 2014ರಾಗ ವೀ ಯೂ ಅನ್ನೂ ಕನ್ಸೋಲಿಗೆ ಬಂದಾಗ ಕೈಯಾಗಿನ ಪರದೆಯಿದ್ದ ಗೇಮ್‌ಪ್ಯಾಡನ್ನ ಕ್ಯಾಮರಾದಂಗ ಎತ್ತಿ ದೆವ್ವದ ಫೋಟೋ ಹೊಡೀಬೇಕಿತ್ತು, 2021ರಾಗ ಪ್ಲೇಸ್ಟೇಶನ್ನಿಗೆ ಎಕ್ಸ್‌ಬಾಕ್ಸಿಗೆ ಬಂದಾಗ ಆ ಗೇಮ್‌ಪ್ಯಾಡ ಇಲ್ಲ. ಕಸಿ ಹತ್ತೇತಿ, ಆದ್ರ ಹಳೇ ಬೇರಿನಿಂದ ಬರ್ತಿದ್ದದ್ದು ಒಂದಿಷ್ಟು ಅಲ್ಲೇ ಉಳದೈತಿ.

ಇನ್ನ ‘ಸರ್ವೈವಲ್ ಹಾರರ್’, ಅಂಜಿಕಿಯೊಳಗ ಜೀವ ಉಳಿಸ್ಕೊಳ್ಳೂ ಇಂಥಾ ಆಟಗಳ ಜಾತಿಯ ಹೆಸರು. ಇದು 1996ರ ಆ ಆಟದಿಂದನ ಬಳಕಿಗೆ ಬಂದ ಮಾತು. ‘ಬದುಕುಳಿಯುವ ಭಯಾನಕ’ ಅಂತ ಒಬ್ಬರು ಮಾಡ್ಯಾರ, ನಾಲಗಿ ಮ್ಯಾಲೆ ನಿಂದ್ರೂದುಲ್ಲ. ರಸದ ಲೆಕ್ಕದಾಗ ನೋಡಿದ್ರ ಕೊಳತ ಹೆಣ, ರಕ್ತ ಇವೆಲ್ಲಾ ಬೀಭತ್ಸ. ಬಂದೂಕಿನ್ಯಾಗ ಮೂರ ಗುಂಡು, ಎಲ್ಲೀತನಕ ಆಡೀವಿ ಅಂತ ಉಳಿಸಿಡಾಕ ಟೈಪ್‌ರೈಟರಿನ ಒಂದ ರಿಬ್ಬನ್, ಮುಂದಿನ ಖೋಲಿಗೆ ಹೋಗಲೋ ಬ್ಯಾಡೋ ಅನ್ನೂದು ಭಯಾನಕ. ನಾವು ಆಡು ಮಾತಿನ್ಯಾಗ ಜೀವ ಕೈಯಾಗ ಹಿಡಕೊಂಡು ಓಡಿದೆ ಅಂತೀವಲ್ಲ, ಆ ಜಾಡಿನ್ಯಾಗ ‘ಜೀವಗೈ ಆಟ’ ಅಂತ ಒಂದು ಶಬ್ದ ಮಾಡಿ ನೋಡಿದೆ, ನಮ್ಮ ಹುಡುಗಗ ಸೇರ್ತು, ನನಗ ಇನ್ನೂ ಧೈರ್ಯ ಸಾಲವಲ್ದು.

ಕೇಳೂದು ಇಷ್ಟು. ‘ಮುರಿದು ಮಾಡೂದು’ ಅನ್ನೂದಕ್ಕ ಪತ್ತಾರರಾಗಲಿ ಕಂಚಗಾರರಾಗಲಿ ಬಡಿಗ್ಯಾರಾಗಲಿ ಒಂದ ಶಬ್ದದ ಹೆಸರು ಇಟ್ಕೊಂಡಾರೇನು, ಹಾವೇರಿ ರಾಣೆಬೆನ್ನೂರ ಕಡೀಯವ್ರು, ನಿಮ್ಮ ಮನ್ಯಾಗ ಹಿರ್ಯಾರಿಗೆ ಕೇಳಿ ತಿಳಸ್ರಿ. ಮತ್ತ ಕೊಂಡಿ ಹಳೇದ ಇಟ್ಟು ಉಳದದ್ದೆಲ್ಲಾ ಹೊಸಾದು ಮಾಡಿಸಿದ್ರ ಅದಕ್ಕ ಏನಂತಾರ ಅನ್ನೂದೂ ಬೇಕು, ಅರ್ಧ ಹಳೇದು ಅರ್ಧ ಹೊಸಾದು ಇರೂ ಆಟನೂ ಭಾಳ ಅದಾವ, ಹುಡುಗನ ಮುಂದಿನ ವಿಡಿಯೋ ಅವುಗಳ ಮ್ಯಾಲೇನ.