ಕುಡಿತ ಬಿಟ್ಟು ಐದು ತಿಂಗಳಾದರೂ ಸಂಜೆಗಳು ಸಪ್ಪೆ

ಪ್ರಶ್ನೆ (ಮೂಡಿಗೆರೆಯ ಸದಸ್ಯರು, 41 ವರ್ಷ): ನಮಸ್ಕಾರ ಡಾಕ್ಟರ್. ನಾನು ಸಣ್ಣ ಕಾಫಿ ಬೆಳೆಗಾರ. ಹದಿನಾಲ್ಕು ವರ್ಷಗಳ ಕುಡಿತವನ್ನು ಚಿಕಿತ್ಸೆ ಪಡೆದು ಬಿಟ್ಟು ಐದು ತಿಂಗಳಾಯಿತು. ಮನೆಯಲ್ಲಿ ಜಗಳವಿಲ್ಲ. ಆದರೂ ಸಂಜೆ ಆರು ಗಂಟೆಯಾದರೆ ಯಾವುದರಲ್ಲೂ ರುಚಿ ಕಾಣುವುದಿಲ್ಲ. ಈಚೆಗೆ ಆ ಹೊತ್ತಿನಲ್ಲಿ ಗೆಳೆಯರೊಬ್ಬರ ಮನೆಗೆ ಹೋಗಿ ಹಣ ಕಟ್ಟಿ ಇಸ್ಪೀಟಾಡುತ್ತಿದ್ದೇನೆ. ಕುಡಿತಕ್ಕಿಂತ ಇದು ವಾಸಿಯಲ್ಲವೇ? ಬಾಳುವ ನೆಮ್ಮದಿ ನನ್ನಂಥವನಿಗೆ ಸಿಕ್ಕೀತೇ?

ಉತ್ತರ (ಮನೋವೈದ್ಯೆ, ಹಾಸನ): ಈ ಹಂತದಲ್ಲಿ ಬದುಕು ಸಪ್ಪೆ ಎನಿಸುವುದು ಚಿಕಿತ್ಸೆ ಸೋತಿದೆ ಎಂಬುದರ ಲಕ್ಷಣವಲ್ಲ. ಮದ್ಯವು ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಹೆಚ್ಚಿಸುತ್ತದೆ. ವರ್ಷಗಟ್ಟಲೆ ಹೀಗೆ ನಡೆದಾಗ ಮಿದುಳು ಅದಕ್ಕೆ ಸ್ಪಂದಿಸುವುದನ್ನೇ ತಗ್ಗಿಸಿಕೊಳ್ಳುವುದರಿಂದ, ಬಿಸಿ ಅಕ್ಕಿರೊಟ್ಟಿಯಾಗಲಿ, ಹೂಮಳೆ ಬಿದ್ದ ಕೆಲವು ದಿನಗಳಿಗೆ ತೋಟವೆಲ್ಲ ಬೆಳ್ಳಗಾಗುವ ನೋಟವಾಗಲಿ ಮನಸ್ಸಿಗೆ ತಟ್ಟುವುದೇ ಇಲ್ಲ. ಆ ಸ್ಪಂದನೆ ಮರಳಲು ಹಲವರಿಗೆ ತಿಂಗಳುಗಳೇ ಬೇಕಾಗುತ್ತವೆ. ಗೆಲುವು ಬಂದೀತೋ ಬಾರದೋ ಎಂಬ ಜೂಜಿನ ಕಾತರವೂ ಇದೇ ವ್ಯವಸ್ಥೆಯನ್ನು ಕೆರಳಿಸುವುದರಿಂದ, ಇಸ್ಪೀಟನ್ನು ನಾನು ವಾಸಿ ಎನ್ನಲಾರೆ. ಅಲ್ಲದೆ, ಆ ಮನೆಯಲ್ಲಿ ಬಾಟಲಿ ಇರುವುದಿಲ್ಲವೆಂದು ನೀವು ಬರೆದಿಲ್ಲ.

ಮನಸ್ಸು ಬರಲಿ, ಆಮೇಲೆ ಮಾಡೋಣ ಎಂದು ಕಾಯಬೇಡಿ. ನೀವು ಹೋಗದಿದ್ದರೆ ಇನ್ನೊಬ್ಬರಿಗೆ ತೊಂದರೆಯಾಗುವಂಥ ಕೆಲಸವೊಂದನ್ನು ಆ ಆರು ಗಂಟೆಗೇ ಹಿಡಿಯಿರಿ. 1935ರಲ್ಲಿ ಅಮೆರಿಕದ ಆಕ್ರನ್ ನಗರಕ್ಕೆ ವ್ಯವಹಾರಕ್ಕೆಂದು ಹೋಗಿದ್ದ ಬಿಲ್ ವಿಲ್ಸನ್, ಕೆಲಸ ಕೆಟ್ಟು ಮತ್ತೆ ಕುಡಿಯುವ ಆಸೆ ಹುಟ್ಟಿದಾಗ, ಮಾತನಾಡಲು ಇನ್ನೊಬ್ಬ ಕುಡುಕನನ್ನು ಹುಡುಕಿಸಿದರು. ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು. ಕುಡಿತ ಬಿಡಲು ಪರಸ್ಪರ ನೆರವಾಗುವವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು ಆ ಭೇಟಿಯಿಂದ. ಉಪದೇಶ ಮಾಡಲು ಹೋದವರಲ್ಲ ವಿಲ್ಸನ್, ತಾವು ಉಳಿಯಲು ಹೋದವರು.

ಸಕಲೇಶಪುರದ ಸದಸ್ಯರು: ನಾನು ಬಿಟ್ಟು ಆರು ವರ್ಷವಾಯಿತು. ಸಂಜೆ ಡೈರಿಗೆ ಹಾಲು ಹಾಕುವ ಕೆಲಸವನ್ನು ನಮ್ಮ ಮನೆಯವರಿಂದ ನಾನು ವಹಿಸಿಕೊಂಡೆ. ಹಸುವಿಗೆ ನನ್ನ ಬೇಸರ ತಿಳಿಯುವುದಿಲ್ಲ, ಹೊತ್ತಿಗೆ ಸರಿಯಾಗಿ ಕೂಗುತ್ತದೆ. ಮೊದಲ ವರ್ಷ ಅದರಲ್ಲಿ ಸಂತೋಷವೇನೂ ಇರಲಿಲ್ಲ. ಎರಡನೆಯ ವರ್ಷ ಒಂದು ದಿನ ಜ್ವರ ಬಂದು ಹೋಗಲಾಗದಿದ್ದಾಗ ಡೈರಿಯ ನಾಲ್ಕು ಜನ ಮನೆಗೇ ಬಂದು ವಿಚಾರಿಸಿದರು.

ಪ್ರಶ್ನೆ ಕೇಳಿದವರು: ಬಾಟಲಿ ಇರುತ್ತದೆ ಡಾಕ್ಟರ್, ನಿಜ. ಹಸು ನಮ್ಮಲ್ಲಿಲ್ಲ. ಆದರೆ ಮಗಳನ್ನು ಟ್ಯೂಷನ್‌ನಿಂದ ಕರೆತರಲು ದಿನವೂ ಆರೂಕಾಲಿಗೆ ಅವಳ ಅಜ್ಜ ಹೋಗುತ್ತಾರೆ.

ಉತ್ತರ: ನಾಳೆಯಿಂದ ನೀವು ಹೋಗಿ, ಸಾಧ್ಯವಾದರೆ ನಡೆದೇ ಹೋಗಿ. ಬೇಸರವು ಎರಡು ವಾರ ದಿನವಿಡೀ ಬಿಡದೆ ಕಾಡಿದರೆ, ನಿದ್ರೆ ಹಸಿವುಗಳೂ ಕೆಟ್ಟರೆ, ಅದು ಖಿನ್ನತೆಯಿರಬಹುದು. ಅದಕ್ಕೆ ಪ್ರತ್ಯೇಕ ಚಿಕಿತ್ಸೆಯಿದೆ. ಕುಡಿಯುವ ಆಸೆಯನ್ನು ತಗ್ಗಿಸುವ ನಾಲ್ಟ್ರೆಕ್ಸೋನ್‌ನಂಥ ಮಾತ್ರೆಗಳು ನಿಮಗೆ ಸರಿಹೊಂದುತ್ತವೆಯೇ ಎಂದು ನಿಮ್ಮ ವೈದ್ಯರನ್ನು ಕೇಳಿ. ರಾತ್ರಿ ಕಷ್ಟವೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.