ಅಕ್ಕನ ಮಗ ಗೇ, ಭಾವ ಪ್ರಾರ್ಥನಾ ಕೂಟ ನಡೆಸುವವರು. ಇಬ್ಬರನ್ನೂ ಒಂದೇ ಕಡೆ ಕೂರಿಸುವುದು ಹೇಗೆ?

ತುಂಗೆದಡದವ (ಶಿವಮೊಗ್ಗ)

ನಾನು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವನು, ಅಂದರೆ ಪ್ರೊಟೆಸ್ಟಂಟ್. ಸಂಪ್ರದಾಯಸ್ಥ ಅಂತಲೇ ಇಟ್ಟುಕೊಳ್ಳಿ. ಮದುವೆ ಅಂದರೆ ಗಂಡು ಹೆಣ್ಣಿನ ನಡುವೆ ಅಂತ ನಂಬಿದವನು, ಇವತ್ತೂ ಅದನ್ನೇ ನಂಬುತ್ತೇನೆ. ಅದನ್ನು ಬದಲಾಯಿಸಿ ಅಂತ ಕೇಳಲು ಇಲ್ಲಿಗೆ ಬಂದಿಲ್ಲ.

ಅಕ್ಕನ ಮಗನಿಗೆ ಬೆಂಗಳೂರಲ್ಲಿ ಕೆಲಸ. ಹೋದ ಕ್ರಿಸ್‌ಮಸ್‌ಗೆ ಬಂದವನು ತಾನು ಗೇ ಅಂತ ಮನೆಯಲ್ಲಿ ಹೇಳಿದ. ಭಾವ ತೀರ್ಥಹಳ್ಳಿ ಕಡೆ ಮನೆಯಲ್ಲೇ ಪ್ರಾರ್ಥನಾ ಕೂಟ ನಡೆಸುವವರು, ಅವತ್ತಿಂದ ಅಪ್ಪ ಮಗನಿಗೆ ಮಾತಿಲ್ಲ. ಭಾವ "ಪಶ್ಚಾತ್ತಾಪ ಪಟ್ಟು ಬರಲಿ" ಅನ್ನುತ್ತಾರೆ. ಹುಡುಗ "ಮಾಮ, ನಾನು ಯಾವ ತಪ್ಪು ಮಾಡಿದ್ದೀನಿ ಅಂತ ಮೊದಲು ಅವರು ಹೇಳಲಿ" ಅನ್ನುತ್ತಾನೆ. ಅಕ್ಕ ಮಧ್ಯದಲ್ಲಿ ಸೊರಗುತ್ತಿದ್ದಾಳೆ. ಇದರ ಮೇಲೆ ನೆಂಟರದ್ದು ಬೇರೆ ಸಲಹೆ, ಮದುವೆ ಮಾಡಿಬಿಡಿ ಎಲ್ಲ ಸರಿಹೋಗುತ್ತದೆ ಅಂತ. ಕೊಪ್ಪದಲ್ಲಿ ಒಂದು ಹೆಣ್ಣನ್ನೂ ನೋಡಿಟ್ಟಿದ್ದಾರೆ.

ನಮ್ಮ ಸಭೆಯಲ್ಲೂ ಹೀಗೆ ಸುಮ್ಮನೆ ಬರುವುದು ಬಿಟ್ಟ ಹುಡುಗರು ಇದ್ದಾರೆ. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಅಂಥವರನ್ನು ಕರೆದು ಮಾತಾಡೋಣ ಅಂದೆ. ಹಿರಿಯರು "ಕರೆದರೆ ಒಪ್ಪಿಕೊಂಡ ಹಾಗೆ ಆಗುತ್ತದೆ" ಅಂದರು. ಹುಡುಗನ ಗೆಳೆಯರನ್ನು ಕೇಳಿದರೆ "ಮತ್ತೊಂದು ಸಲ ಬೈಬಲ್ ವಚನ ಓದಿ ಕಳಿಸೋಕಾ ಅಂಕಲ್?" ಅಂದರು. ಬೈಯುವುದಾದರೆ ಬೈಯಿರಿ, ಆದರೆ ಎಲ್ಲಿಂದ ಶುರು ಮಾಡಬೇಕು ಅಂತಲೂ ಹೇಳಿ.

ಭದ್ರಾವತಿ ಟೀಚರ್

ಅಣ್ಣಾ, ಸಭೆ, ಮಾತುಕತೆ ಎಲ್ಲ ಆಮೇಲೆ. ಮೊದಲು ಆ ಕೊಪ್ಪದ ಹುಡುಗಿ. ನೀವು ಅವಳ ವಿಷಯವನ್ನು ಒಂದೇ ಸಾಲಲ್ಲಿ ಹೇಳಿ ಮುಂದೆ ಹೋಗಿದ್ದೀರಿ, ನನಗೆ ಇಡೀ ಪ್ರಶ್ನೆ ಇರುವುದೇ ಅಲ್ಲಿ.

ಅವಳಿಗೆ ವಿಷಯ ಗೊತ್ತಾ? ಗೊತ್ತಿರಲ್ಲ. ನಮ್ಮ ಕಡೆ ಇಂಥ ಮದುವೆಗಳು ನಡೆದಿವೆ, ನಡೆಯುತ್ತಲೇ ಇವೆ. ಆಮೇಲೆ "ಹೆಂಡತಿಗೆ ಹೊಂದಿಕೊಳ್ಳುವ ಗುಣ ಇಲ್ಲ" ಅಂತ ಅವಳ ಮೇಲೆಯೇ ಬರುತ್ತದೆ. ನಾನು ಕಥೋಲಿಕಳು. ನಮ್ಮ ಧರ್ಮಸಭೆಯ ಕಾನೂನಿನಲ್ಲಿ 1098 ಅಂತ ಒಂದು ವಿಧಿ ಇದೆ. ಒಪ್ಪಿಗೆ ಪಡೆಯಲೆಂದೇ ಮೋಸ ಮಾಡಿ, ದಾಂಪತ್ಯವನ್ನೇ ಕೆಡಿಸುವಂಥ ಸಂಗತಿಯನ್ನು ಮುಚ್ಚಿಟ್ಟರೆ ಆ ಮದುವೆ ಊರ್ಜಿತವೇ ಅಲ್ಲ. ಇದನ್ನು ಬರೆದವರು ಗೇ ಸಂಘಟನೆಯವರಲ್ಲ, ರೋಮಿನವರು! ಮದುವೆ ಪವಿತ್ರ ಅಂತ ನಂಬುವವರೇ ಇಂಥ ಮದುವೆಗೆ ಮೊದಲು ಅಡ್ಡ ನಿಲ್ಲಬೇಕು ಅಲ್ವಾ? ನಿಮ್ಮ ಭಾವನಿಗೂ ಆ ಹುಡುಗನಿಗೂ ಇವತ್ತೇ, ಯಾರೂ ಒಂದಿಂಚೂ ಬಗ್ಗದೆ, ಒಪ್ಪಿಗೆಯಾಗಬಹುದಾದ ಒಂದು ವಿಷಯ ಅಂದರೆ ಇದೇ. ಇಲ್ಲಿಂದ ಶುರು ಮಾಡಿ.

ಇನ್ನೊಂದು. ನಮ್ಮ ಸಭೆ ಈ ಸಂಬಂಧವನ್ನು ಒಪ್ಪುವುದಿಲ್ಲ, ನಾನದನ್ನು ಮುಚ್ಚಿಡುವುದಿಲ್ಲ. ಕಥೋಲಿಕ ಧರ್ಮೋಪದೇಶ ಗ್ರಂಥದ 2357ರಲ್ಲಿ ಅದು ಸ್ಪಷ್ಟವಾಗಿದೆ. ಮುಂದಿನ 2358ರಲ್ಲಿ ಇಂಥವರನ್ನು ಗೌರವ, ಕರುಣೆ, ಸೂಕ್ಷ್ಮತೆಯಿಂದ ಬರಮಾಡಿಕೊಳ್ಳಬೇಕು, ಅನ್ಯಾಯದ ತಾರತಮ್ಯ ಕೂಡದು ಅಂತಲೂ ಇದೆ. ಮೊದಲನೆಯದನ್ನು ಎಲ್ಲರೂ ಬಾಯಿಪಾಠ ಹೇಳುತ್ತಾರೆ. ಎರಡನೆಯದನ್ನು ಪ್ರಸಂಗದಲ್ಲಿ ನಾನಂತೂ ಕೇಳಿದ್ದೇ ಇಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ನನ್ನು ಎತ್ತಿಹಿಡಿದಾಗ ಮುಂಬೈನ ಕಾರ್ಡಿನಲ್ ಓಸ್ವಾಲ್ಡ್ ಗ್ರೇಷಿಯಸ್ ಅವರು, ಗೇ ಜನರನ್ನು ನಾವು ಯಾವತ್ತೂ ಅಪರಾಧಿಗಳು ಅಂತ ನೋಡಿಲ್ಲ ಅಂದಿದ್ದರು. ಸಲಿಂಗ ಮದುವೆಗೆ ವಿರೋಧ ಅಂತಲೂ ಅದೇ ಉಸಿರಲ್ಲಿ ಹೇಳಿದ್ದರು. ಎರಡನ್ನೂ ಒಟ್ಟಿಗೆ ಹೇಳಲು ಬರುತ್ತದೆ.

ಹೊಳೆಬಾಗಿಲು (ಸಾಗರ, ಈಗ ಬೆಂಗಳೂರು)

ನಾನು ಗೇ. ಸಾಗರ ತಾಲೂಕಿನ ಪೆಂತೆಕೋಸ್ತು ಮನೆಯಲ್ಲಿ ಬೆಳೆದವನು. ಟೀಚರಮ್ಮ ಹೇಳಿದ್ದಕ್ಕೆ ಕೈ ಮುಗಿದೆ.

ಅಣ್ಣ, ನಿಮ್ಮ ಅಳಿಯನ ಗೆಳೆಯರು ಯಾಕೆ ಹಾಗೆ ಉತ್ತರ ಕೊಟ್ಟರು ಅಂತ ಹೇಳುತ್ತೇನೆ. ನಮ್ಮ ಮನೆಯಲ್ಲಿ ವಿಷಯ ಗೊತ್ತಾದಾಗ ಮೊದಲು ಉಪವಾಸ ಪ್ರಾರ್ಥನೆ. ಆಮೇಲೆ ತಲೆ ಮೇಲೆ ಕೈಯಿಟ್ಟು ದೆವ್ವ ಬಿಡಿಸುವುದು, ಸುತ್ತ ಜನ, ನಾನು ಮಧ್ಯದಲ್ಲಿ. ಆಮೇಲೆ ಸರಿ ಮಾಡಿಕೊಡುತ್ತೇನೆ ಅಂದ ಒಬ್ಬ ಕೌನ್ಸೆಲರ್, ಅವರಿಗೆ ಸರಿಯಾಗಿ ಫೀಸ್. ಎಲ್ಲರೂ ಪ್ರೀತಿಯಿಂದಲೇ ಮಾಡಿದರು, ಅಮ್ಮನ ಕಣ್ಣೀರು ಸುಳ್ಳಲ್ಲ. ಆದರೆ ಅವತ್ತಿಂದ "ಬಾ ಮಾತಾಡೋಣ" ಅಂದರೆ ನನ್ನ ಹೊಟ್ಟೆ ತಿರುಚುತ್ತದೆ.

ದಯವಿಟ್ಟು ಈ ಸರಿ ಮಾಡುವ ದಾರಿ ಹಿಡಿಯಬೇಡಿ. ಮದ್ರಾಸ್ ಹೈಕೋರ್ಟ್ 2021ರಲ್ಲಿ, ಚಿಕಿತ್ಸೆ ಅಂತ ಹೇಳಿ ಗೇ ಜನರನ್ನು ಬದಲಾಯಿಸಲು ಹೋಗಕೂಡದು ಅಂತ ಖಡಾಖಂಡಿತವಾಗಿ ಹೇಳಿತು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇಂಥ ಚಿಕಿತ್ಸೆ ವೃತ್ತಿ ದುರ್ನಡತೆ ಅಂತ ರಾಜ್ಯಗಳ ವೈದ್ಯ ಮಂಡಳಿಗಳಿಗೆ ಪತ್ರ ಬರೆಯಿತು. ಸರ್ಕಾರ, ಕೋರ್ಟು ಬೇಡ ಅನ್ನುವವರು ಕ್ರೈಸ್ತರ ಅನುಭವವನ್ನೇ ನೋಡಿ. ಅಮೆರಿಕದಲ್ಲಿ ಎಕ್ಸೋಡಸ್ ಇಂಟರ್‌ನ್ಯಾಷನಲ್ ಅಂತ 1976ರಲ್ಲಿ ಶುರುವಾದ ದೊಡ್ಡ ಸಂಸ್ಥೆ ಇತ್ತು, ಗೇ ಜನರನ್ನು ಬದಲಾಯಿಸುವುದೇ ಅದರ ಕೆಲಸ. 2013ರಲ್ಲಿ ಅದರ ಅಧ್ಯಕ್ಷ ಅಲನ್ ಚೇಂಬರ್ಸ್ ನೋವು ಕೊಟ್ಟಿದ್ದಕ್ಕೆ ಕ್ಷಮೆ ಕೇಳಿ ಬಾಗಿಲು ಹಾಕಿದರು. ಅವರು ಭಕ್ತಿಯಲ್ಲಿ ನಿಮ್ಮ ಭಾವನಿಗಿಂತ ಕಡಿಮೆ ಇದ್ದವರಲ್ಲ.

ಅದೇ ಅಮೆರಿಕದಲ್ಲಿ ಜಸ್ಟಿನ್ ಲೀ ಅನ್ನುವವರು 2001ರಲ್ಲಿ ಗೇ ಕ್ರೈಸ್ತರ ಬಳಗ ಕಟ್ಟಿದರು. ಅಲ್ಲಿ "ಸೈಡ್ ಎ" ಅಂದರೆ ದೇವರು ಸಲಿಂಗ ಜೋಡಿಯನ್ನೂ ಹರಸುತ್ತಾನೆ ಅನ್ನುವವರು. "ಸೈಡ್ ಬಿ" ಅಂದರೆ ಗೇ ಆಗಿದ್ದೂ ಬೈಬಲ್ ವಾಕ್ಯಕ್ಕಾಗಿ ಬ್ರಹ್ಮಚಾರಿಯಾಗಿ ಉಳಿಯುವವರು. ಎರಡೂ ಕಡೆಯವರು ಒಂದೇ ಸೂರಿನಡಿ ಆರಾಧನೆ ಮಾಡಿದರು, ಜಗಳವನ್ನೂ ಆಡಿದರು. ಗೇ ಕ್ರೈಸ್ತರ ಒಳಗೇ ಇಷ್ಟು ಭೇದ ಇದೆ ಅನ್ನುವುದು ನಮ್ಮೂರ ಪಾಸ್ಟರ್‌ಗಳಿಗೆ ಗೊತ್ತೇ ಇಲ್ಲ.

ನಮ್ಮ ಕಡೆ ಶರಾವತಿ ಹಿನ್ನೀರಿಗೆ ಸಿಗಂದೂರು ಸೇತುವೆ ಆಗಿದ್ದು 2025ರಲ್ಲಿ. ಅಲ್ಲಿಯ ತನಕ ಜನ ದಡದಲ್ಲಿ ಕೂತು ಕಾಯಲಿಲ್ಲ, ಲಾಂಚ್‌ನಲ್ಲಿ ದಾಟಿದರು. ಬೈಬಲಿನಲ್ಲಿ ಈ ವಿಷಯ ಬರುವ ಯಾಜಕಕಾಂಡ, ರೋಮಾಪುರದವರಿಗೆ ಬರೆದ ಪತ್ರ ಎಲ್ಲದರ ಮೇಲೂ ಒಪ್ಪಿಗೆಯಾದ ಮೇಲೆಯೇ ಮಗನ ಜೊತೆ ಊಟ ಅಂದರೆ ನಿಮ್ಮ ಭಾವ ಈ ಜನ್ಮದಲ್ಲಿ ದಾಟುವುದಿಲ್ಲ.

ಬಂಡೆಯ ಮೇಲಣ ಮನೆ

ಇಲ್ಲಿ ನನ್ನನ್ನು ವಿಲನ್ ಮಾಡುವುದು ಸುಲಭ, ಆದರೂ ಬರೆಯುತ್ತೇನೆ. ಪ್ರಶ್ನೆ ಕೇಳಿದ ಸಹೋದರರ ಭಾವನ ಜಾಗದಲ್ಲಿ ನಾನಿದ್ದೇನೆ ಅಂದುಕೊಳ್ಳಿ.

ಇದು ಪಾಪ ಅಂತ ಬೈಬಲ್ ವಾಕ್ಯದಲ್ಲಿ ಸ್ಪಷ್ಟವಾಗಿದೆ. ರೋಮಾ 1, 1 ಕೊರಿಂಥ 6. ನಾವು ಬರೆದಿದ್ದಲ್ಲ, ಅಳಿಸಲು ನಮಗೆ ಅಧಿಕಾರವಿಲ್ಲ. ಮಗನನ್ನು ಮನೆಯಿಂದ ಹೊರಗೆ ಹಾಕುವುದು ತಪ್ಪು, ಅದನ್ನು ಒಪ್ಪುತ್ತೇನೆ. ಆ ಮದುವೆಯೂ ಬೇಡ. ಆದರೆ ಪ್ರೀತಿ ಅಂದ ತಕ್ಷಣ ಬಾಯಿ ಮುಚ್ಚಿಕೊಂಡಿರಬೇಕು ಅಂದರೆ ಅದು ಪ್ರೀತಿಯಲ್ಲ, ಹೆದರಿಕೆ.

ಮತ್ತೆ ಹೆದರಿಕೆ ನಮಗೂ ಇದೆ. ಮಾತುಕತೆ ಅಂತ ಕರೆದು, ಮೊಬೈಲ್‌ನಲ್ಲಿ ತೆಗೆದು, ಒಂದು ವಾಕ್ಯ ಮಾತ್ರ ಕತ್ತರಿಸಿ "ದ್ವೇಷ ನೋಡಿ" ಅಂತ ಹಾಕಿದರೆ ನಮ್ಮ ಗತಿ ಏನು? ನಾವೇನು ದೊಡ್ಡ ಸಂಖ್ಯೆಯಲ್ಲಿಲ್ಲ. 2022ರ ಮತಾಂತರ ಕಾಯ್ದೆ ಬಂದ ಮೇಲೆ ಮನೆಯಲ್ಲಿ ನಾಲ್ಕು ಜನ ಸೇರಿ ಹಾಡಿದರೂ ಯಾರು ಬಂದು ಬಾಗಿಲು ಬಡಿಯುತ್ತಾರೋ ಅಂತ ಕಿವಿ ಬಾಗಿಲ ಕಡೆ ಇರುತ್ತದೆ. ಇಂಥ ಹೊತ್ತಲ್ಲಿ ಸಭೆ ಒಡೆಯುವ ವಿಷಯ ಎತ್ತಬೇಕಾ?

ಹೊಳೆಬಾಗಿಲು

ಬ್ರದರ್, ನೀವು ಬರೆದಿದ್ದು ಒಳ್ಳೆಯದಾಯಿತು, ವ್ಯಂಗ್ಯ ಮಾಡುತ್ತಿಲ್ಲ.

1 ಕೊರಿಂಥ 6ರಲ್ಲಿ ದೇವರ ರಾಜ್ಯಕ್ಕೆ ಬಾಧ್ಯರಲ್ಲದವರ ಆ ಪಟ್ಟಿಯಲ್ಲಿ ಲೋಭಿಗಳೂ ಇದ್ದಾರೆ, ಕುಡುಕರೂ ಇದ್ದಾರೆ, ಬೈಯುವವರೂ ಇದ್ದಾರೆ. ಅಡಿಕೆಗೆ ರೇಟು ಬಂದ ವರ್ಷ ಲೋಭದ ವಿರುದ್ಧ ಉಪವಾಸ ಪ್ರಾರ್ಥನೆ ಇಟ್ಟ ಸಭೆ ಮಲೆನಾಡಲ್ಲಿ ಇದ್ದರೆ ಹೇಳಿ, ನಾನೇ ಬಂದು ಸೇರುತ್ತೇನೆ. ಪಟ್ಟಿ ಅಳಿಸಿ ಅಂತ ಹೇಳುತ್ತಿಲ್ಲ. ಒಂದೇ ಸಾಲನ್ನು ಯಾಕೆ ಅಷ್ಟು ದಪ್ಪ ಅಕ್ಷರದಲ್ಲಿ ಓದುತ್ತೀರಿ ಅಂತ ಕೇಳುತ್ತಿದ್ದೇನೆ.

ಆದರೆ ನೀವು ಬಾಗಿಲು ಬಡಿಯುವುದರ ಬಗ್ಗೆ ಬರೆದಿದ್ದೀರಲ್ಲ, ಅದನ್ನು ನಾನು ಎರಡು ಸಲ ಓದಿದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಇದು ಅಪರಾಧವಲ್ಲ ಅನ್ನುವ ತನಕ ನಮ್ಮಂಥವರಿಗೂ ಹಾಗೇ ಇತ್ತು. ರೂಮಲ್ಲಿ ಇಬ್ಬರು ಕೂತಿದ್ದರೆ, ಹೊರಗೆ ಬೂಟಿನ ಸದ್ದಾದರೆ, ಪೊಲೀಸಾ, ಓನರಾ, ದುಡ್ಡು ಕೀಳಲು ಬಂದ ಯಾರಾದರೂ ಆ ಅಂತ. ನಾವಿಬ್ಬರೂ ಮನೆಯೊಳಗೆ ಮಾಡುವ ಕೆಲಸಕ್ಕೆ ಹೊರಗಿನವರ ಕೈಯಲ್ಲಿ ಕಾಯ್ದೆ ಕೊಟ್ಟರೆ ಏನಾಗುತ್ತದೆ ಅಂತ ಗೊತ್ತಿರುವವರು. ವಾಕ್ಯದ ಚರ್ಚೆ ಬಿಟ್ಟು ಇದರ ಬಗ್ಗೆಯೇ ಒಂದು ಸಂಜೆ ಮಾತಾಡಿದರೂ ಸಾಕಾಗಿತ್ತು. ಮೊಬೈಲ್ ಹೊರಗಿಟ್ಟು ಬರೋಣ. ಆ ಭಯ ನನಗೇ ಜಾಸ್ತಿ, ನನ್ನ ಮುಖ ವಾಟ್ಸ್ಆ್ಯಪ್‌ನಲ್ಲಿ ಸಾಗರದ ತನಕ ಹೋದರೆ ಅಮ್ಮ ಅಂಗಡಿಗೆ ಹೋಗುವ ಹಾಗಿಲ್ಲ.

ಎನ್.ಆರ್.ಪುರ ವಕೀಲ

ಕಾನೂನಿನ ಒಂದು ಮಾತು ಹೇಳಿ ಹೋಗುತ್ತೇನೆ, ಯಾಕೆಂದರೆ ಅರ್ಧ ಜಗಳ ಇಲ್ಲದ ಭಯದ ಮೇಲೆ ನಡೆಯುತ್ತದೆ. "ನಾಳೆ ನಮ್ಮ ಚರ್ಚಲ್ಲೇ ಇವರ ಮದುವೆ ಮಾಡಿಸಬೇಕಾಗುತ್ತದೆ" ಅಂತ ನಮ್ಮ ಕಡೆ ಹಿರಿಯರು ನಿಜವಾಗಿ ನಂಬಿದ್ದಾರೆ. 2018ರ ತೀರ್ಪು ಹೇಳಿದ್ದು ವಯಸ್ಕರು ಒಪ್ಪಿ ನಡೆಸುವ ಖಾಸಗಿ ಸಂಬಂಧ ಅಪರಾಧವಲ್ಲ ಅಂತ, ಅಷ್ಟೇ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರ ಪೀಠ ಸಲಿಂಗ ಮದುವೆಗೆ ಮಾನ್ಯತೆ ಕೊಡಲಿಲ್ಲ. ಹಾಗಾಗಿ ಆ ಭಯ ಪಕ್ಕಕ್ಕಿಡಿ. ಇನ್ನೊಂದು ಕಡೆಯವರ ಸಿಟ್ಟಿಗೂ ಕಾರಣ ಇದೆ. 377 ಉಳಿಯಲಿ ಅಂತ ಕೋರ್ಟಿನಲ್ಲಿ ವಾದಿಸಿದವರಲ್ಲಿ ಕೆಲವು ಚರ್ಚ್ ಸಂಘಟನೆಗಳೂ ಇದ್ದವು. ಅದನ್ನು ಅವರು ಮರೆತಿಲ್ಲ, ಮರೆಯಿರಿ ಅಂತ ಹೇಳುವ ಹಕ್ಕು ನಮಗಿಲ್ಲ.

ತುಂಗೆದಡದವ

ಎಲ್ಲರಿಗೂ ಥ್ಯಾಂಕ್ಸ್. ಭಾವನ ಹತ್ತಿರ ಹೋಗಿ ಬಂದೆ. ಹುಡುಗನ ವಿಷಯ ಎತ್ತಲಿಲ್ಲ, ಬರೀ ಕೊಪ್ಪದ ಹುಡುಗಿ ವಿಷಯ ಮಾತಾಡಿದೆ. ಟೀಚರಮ್ಮ, ನಿಮ್ಮ 1098ಕ್ಕೆ ಬೆಲೆ ಸಿಗಲಿಲ್ಲ, "ಅದು ಕಥೋಲಿಕರದ್ದು" ಅಂದುಬಿಟ್ಟರು! ಆದರೆ ಸ್ವಲ್ಪ ಹೊತ್ತು ಬಿಟ್ಟು ಅವರೇ ಬೈಬಲ್ ತೆಗೆದು ಮಲಾಕಿಯ 2ನೇ ಅಧ್ಯಾಯ ಓದಿದರು, ಹೆಂಡತಿಗೆ ದ್ರೋಹ ಮಾಡಬೇಡಿ ಅನ್ನುವ ಭಾಗ. ಮದುವೆ ಮಾತು ನಿಂತಿದೆ. ನೆಂಟರಿಗೆ ಅವರೇ ಫೋನ್ ಮಾಡಿ ಬೇಡ ಅಂದರಂತೆ.

ಇದನ್ನು ಅಳಿಯನಿಗೆ ಹೇಳಿದೆ. "ಅಪ್ಪನೇ ಅಂದರಾ?" ಅಂದ. ಶಿವಮೊಗ್ಗದ ನಮ್ಮ ಮನೆಗೆ ಊಟಕ್ಕೆ ಬರಲು ಇಬ್ಬರೂ ಹ್ಞೂಂ ಅಂದಿದ್ದಾರೆ, ಚರ್ಚ್ ಬೇಡ, ತೀರ್ಥಹಳ್ಳಿಯೂ ಬೇಡ ಅಂತ. ಅಕ್ಕನಿಗೆ ಮಾತ್ರ ರಾತ್ರಿ ನಿದ್ದೆಯಿಲ್ಲ, ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿಲ್ಲ. ಮತ್ತೆ ಒಂದು ಚಿಕ್ಕ ಪ್ರಶ್ನೆ. ಭಾವ ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡದೆ ಇರುವವರಲ್ಲ. ಹುಡುಗನಿಗೆ ಕಷ್ಟ ಆಗುತ್ತದಾ?

ಭದ್ರಾವತಿ ಟೀಚರ್

ರೋಮ್ ಸೋತರೂ ಪರವಾಗಿಲ್ಲ, ಮಲಾಕಿ ಗೆದ್ದನಲ್ಲ! ಅಕ್ಕನಿಗೆ ಟೆಲಿ ಮಾನಸ್ ನಂಬರ್ ಕೊಡಿ, 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಊರವರಿಗೆ ಗೊತ್ತಾಗುತ್ತದೆ ಅನ್ನುವ ಭಯವೂ ಬೇಡ.

ಹೊಳೆಬಾಗಿಲು

ಪ್ರಾರ್ಥನೆ ಮಾಡಲಿ ಅಣ್ಣ, ಅದು ಆ ಹುಡುಗನದ್ದೂ ಹೌದು, ಬೇಕಾದರೆ ಆಮೆನ್ ಅವನೇ ಹೇಳುತ್ತಾನೆ. ಊಟಕ್ಕಾಗಿ ಸ್ತೋತ್ರ ಹೇಳಿ ಅಲ್ಲಿಗೆ ನಿಲ್ಲಿಸಲಿ, ಪ್ರಾರ್ಥನೆಯೊಳಗೆ ಅವನಿಗೆ ಬುದ್ಧಿ ಹೇಳುವುದು ಬೇಡ, ತಲೆ ಮೇಲೆ ಕೈ ಇಡುವುದಂತೂ ಬೇಡವೇ ಬೇಡ. ಇದನ್ನು ಭಾವನಿಗೆ ಮೊದಲೇ ಹೇಳಿಡಿ, ಊಟದ ಹೊತ್ತಲ್ಲಿ ಹೇಳಲು ಹೋಗಬೇಡಿ.