‘ಸ್ತರೀಕರಣ’ದ ಬದಲು ‘ಚಳಿಯುಣಿಸು’ ಎನ್ನಬಹುದೇ?

ಪದಾಸಕ್ತರಿಗೆ ನಮಸ್ಕಾರ.

ಕಡುಚಳಿಯನ್ನೂ ನೀರಿನ ಕೊರತೆಯನ್ನೂ ತಾಳಿ ಬೆಳೆಯುವ ಹಣ್ಣಿನ ಮರಗಳ ಬೀಜವನ್ನು ಎಲ್ಲಿಂದ ತರಿಸಬೇಕು, ತರಿಸಿದ ಮೇಲೆ ಹೇಗೆ ಮೊಳೆಯಿಸಬೇಕು ಎಂಬುದನ್ನು ತಿಳಿಸುವ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಲಡಾಖಿನ ಏಪ್ರಿಕಾಟ್, ಕಜಾಕಸ್ತಾನದ ತಿಯಾನ್ ಶಾನ್ ಬೆಟ್ಟಗಳ ಕಾಡುಸೇಬು ಮುಂತಾದವುಗಳ ಸಂಗತಿ ಅದರಲ್ಲಿದೆ. ಕೆಲವು ಪದಗಳ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕಾಗಿದೆ.

ಮುಖ್ಯ ತೊಡಕು, ಬಿತ್ತುವ ಮುನ್ನ ಬೀಜವನ್ನು ತೇವದಲ್ಲಿ ತಂಪಾಗಿಡುವುದಕ್ಕೆ ಇಂಗ್ಲಿಷಿನಲ್ಲಿರುವ ‘ಸ್ಟ್ರಾಟಿಫಿಕೇಶನ್’ ಎಂಬ ಪದದ್ದು. ಸೇಬಿನ ಬೀಜ ಹಣ್ಣಿನಿಂದ ತೆಗೆದ ಕೂಡಲೇ ಮೊಳೆಯುವುದಿಲ್ಲ. ತೇವದ ಮರಳಿನಲ್ಲಿ, ಸುಮಾರು 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಎರಡು ಮೂರು ತಿಂಗಳು ಕಳೆದ ಮೇಲಷ್ಟೇ ಅದರ ನಿದ್ದೆ ಮುರಿಯುತ್ತದೆ. ಚಳಿಗಾಲಕ್ಕೆ ಮೊದಲೇ ಮೊಳೆತ ಸಸಿ ಹೆಪ್ಪುಗಟ್ಟಿ ಸಾಯುವ ನಾಡಿನಲ್ಲಿ ಮರ ತನ್ನ ಸಂತಾನವನ್ನು ಉಳಿಸಿಕೊಳ್ಳುವ ಬಗೆ ಇದು. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಹಾಗಾಗಿ ನಮ್ಮಲ್ಲಿ ಈ ಕೆಲಸ ಫ್ರಿಜ್ಜಿನೊಳಗೇ ನಡೆಯಬೇಕು. ಒಂದು ಪದರ ಮರಳು, ಅದರ ಮೇಲೊಂದು ಪದರ ಬೀಜ ಎಂದು ಜೋಡಿಸಿಡುತ್ತಿದ್ದುದರಿಂದ ಇಂಗ್ಲಿಷಿನಲ್ಲಿ ಆ ಹೆಸರು ಬಂತು. ಅದನ್ನು ‘ಸ್ತರೀಕರಣ’ ಎಂದರೆ ನಮ್ಮ ಓದುಗರಿಗೆ ಸಮಾಜಶಾಸ್ತ್ರದ ಪಠ್ಯಪುಸ್ತಕ ನೆನಪಾಗುತ್ತದೆಯೇ ಹೊರತು ಮರಳೂ ತೋರುವುದಿಲ್ಲ, ಚಳಿಯೂ ತೋರುವುದಿಲ್ಲ. ‘ಶೈತ್ಯೋಪಚಾರ’ ಎಂಬುದನ್ನೂ ಯೋಚಿಸಿದೆ. ಆದರೆ ರೈತರ ಬಳಕೆಯಲ್ಲಿರುವ ‘ಬೀಜೋಪಚಾರ’ವು ಬಿತ್ತುವ ಮುನ್ನ ಬೀಜಕ್ಕೆ ಔಷಧ ಲೇಪಿಸುವುದನ್ನು ಸೂಚಿಸುವುದರಿಂದ ಅಲ್ಲಿಯೂ ಗೊಂದಲವಾಗುತ್ತದೆ.

ಹಾಲುಣಿಸು, ನೀರುಣಿಸು ಎಂಬವುಗಳ ಜಾಡಿನಲ್ಲಿ ‘ಚಳಿಯುಣಿಸು’ ಎಂದರೆ ಹೇಗೆ? ‘ಎಷ್ಟು ವಾರ ಚಳಿಯುಣಿಸಬೇಕು’ ಎಂದು ತೋಟದವರು ಕೇಳಿದರೆ ಕಿವಿಗೆ ಅಸಹಜವೆನಿಸದು. ಚಳಿ ಎಂಬುದು ಮೈಗೆ ಆಗುವ ಅನುಭವ, ನೀರು ತಣ್ಣಗಿದೆ ಎನ್ನುತ್ತೇವೆಯೇ ವಿನಾ ನೀರಿಗೆ ಚಳಿಯಾಗಿದೆ ಎನ್ನುವುದಿಲ್ಲ ಎಂದು ಗೆಳೆಯರೊಬ್ಬರು ಆಕ್ಷೇಪಿಸಿದರು. ಬೀಜಕ್ಕೂ ಜೀವವಿದೆಯಾದ್ದರಿಂದ ಅದಕ್ಕೆ ಚಳಿಯಾಗಲು ಅಡ್ಡಿಯಿಲ್ಲವೆಂಬುದು ನನ್ನ ಉತ್ತರ. ‘ತಂಪುಣಿಸು’ ಎಂದರೆ ಮಜ್ಜಿಗೆ, ಮರದ ನೆರಳು ನೆನಪಾಗುತ್ತವೆ.

ಇನ್ನೊಂದು ತೊಡಕು ‘ಬೀಜ’ದ್ದೇ. ಏಪ್ರಿಕಾಟಿನೊಳಗಿನ ಗಟ್ಟಿ ಚಿಪ್ಪನ್ನೂ ಅದರೊಳಗಿನ ಬೀಜವನ್ನೂ ಕನ್ನಡದಲ್ಲಿ ಒಟ್ಟಾರೆ ಬೀಜವೆಂದೇ ಕರೆದುಬಿಡುತ್ತೇವೆ. 2022ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಲಡಾಖಿನ ‘ರಕ್ತ್ಸೆ ಕಾರ್ಪೊ’ ತಳಿಯ ಹೆಸರಿನಲ್ಲಿ ‘ರಕ್ತ್ಸೆ’ ಎಂದರೆ ಬೀಜ, ‘ಕಾರ್ಪೊ’ ಎಂದರೆ ಬಿಳಿ. ಅಲ್ಲಿನವರು ಸಿಹಿ ಬೀಜದ ಹಣ್ಣನ್ನು ‘ನ್ಯಾರ್ಮೊ’ ಎಂದೂ ಕಹಿ ಬೀಜದ್ದನ್ನು ‘ಖಾಂಟೆ’ ಎಂದೂ ಬೇರ್ಪಡಿಸುತ್ತಾರೆ. ಕಹಿ ಬೀಜವನ್ನು ತಿಂದರೆ ಹೊಟ್ಟೆಯಲ್ಲಿ ಸಯನೈಡ್ ಉಂಟಾಗುತ್ತದೆ. ಹೀಗಿರುವಾಗ ಕೈಪಿಡಿಯಲ್ಲಿ ‘ಬೀಜ ತಿನ್ನಬಹುದು’ ಎಂದು ಸಡಿಲವಾಗಿ ಬರೆಯುವುದು ಅಪಾಯ. ಸದ್ಯಕ್ಕೆ ಮಾವಿನ ಹಣ್ಣಿಗೆ ನಾವು ಬಳಸುವ ‘ವಾಟೆ’ಯನ್ನು ಹೊರಚಿಪ್ಪು ಸಹಿತವಾದುದಕ್ಕೂ ‘ಬೀಜ’ವನ್ನು ಒಳಗಿನದಕ್ಕೂ ಮೀಸಲಿಟ್ಟಿದ್ದೇನೆ. ‘ಗೊರಟು’ ಎನ್ನುವ ಕಡೆಯವರಿಗೆ ‘ವಾಟೆ’ ತಿಳಿಯುವುದೇ?

ಉಳಿದವು ಸಣ್ಣವು. ‘ಶೀತಸಹಿಷ್ಣು’ ಎಂಬುದನ್ನು ಕೈಬಿಟ್ಟು ‘ಚಳಿ ತಾಳುವ’ ಎಂದು ಬರೆದಿದ್ದೇನೆ. ಶೀತವೆಂದರೆ ನಮ್ಮಲ್ಲಿ ನೆಗಡಿಯೇ ಮೊದಲು ನೆನಪಾಗುವುದು. ವರ್ಷಕ್ಕೆ ಸುಮಾರು 100 ಮಿಲಿಮೀಟರ್ ಮಳೆ ಕಾಣುವ ಲೇಹ್ ಸುತ್ತಿನ ನೆಲವನ್ನು ‘ಬೆಂಗಾಡು’ ಎನ್ನಲು ಆಸೆಯಿತ್ತು, ಆದರೆ ಬೆನ್ನೀರಿನಲ್ಲಿರುವ ಬಿಸಿಯೇ ಆ ಪದದಲ್ಲೂ ಇರುವುದರಿಂದ ಪಠ್ಯಪುಸ್ತಕದ ‘ಶೀತ ಮರುಭೂಮಿ’ಗೇ ಒಪ್ಪಿಕೊಂಡೆ. ಅಲ್ಲಿ ಮಾತ್ರ ಶೀತ ಉಳಿಯಿತು.

ಬೀಜವನ್ನು ತೇವದ ಮರಳಿನಲ್ಲಿ ಹೂತಿಡುವುದಕ್ಕೆ ನಿಮ್ಮ ಕಡೆಯ ಸಸಿಮಡಿ ಕೆಲಸದವರಲ್ಲಿ ಬಳಕೆಯ ಮಾತೇನಾದರೂ ಇದ್ದರೆ, ಯಾವ ಸೀಮೆಯದೆಂಬುದರೊಡನೆ ತಿಳಿಸಬೇಕೆಂದು ಕೋರುತ್ತೇನೆ.